ಮಕ್ಕಳ ಸೇವೆ, ಮನೆಯ ಸಂತೋಷ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೇ ಸ್ಕೂಲ್ (ಭಾನುವಾರ ಚರ್ಚಿನಲ್ಲಿ ನಡೆಯುವ ಮಕ್ಕಳ ಬೈಬಲ್ ತರಗತಿ) ಟೀಚರ್‌ಗಳು, ಸೇವೆಗೆ ಹೊಸದಾಗಿ ಸೇರಿದವರು, ಮಕ್ಕಳನ್ನು ಸಭೆಗೆ, ಅಂದರೆ ಚರ್ಚಿಗೆ, ಕರೆತರುವ ತಂದೆತಾಯಂದಿರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೊದಲು ಸುಲಭದವು, ಕೊನೆಗೆ ತೂಕದವು. ಪೂರ್ತಿ ಓದಲೇಬೇಕೆಂದೇನಿಲ್ಲ, ನಿಮ್ಮ ಪ್ರಶ್ನೆ ಇರುವಲ್ಲಿಗೆ ನೇರ ಹೋಗಿ.

## ಈಗಷ್ಟೇ ಶುರು ಮಾಡುವವರಿಗೆ

ನಾನು ಬೈಬಲ್ ಕಾಲೇಜಿಗೆ ಹೋದವಳಲ್ಲ. ಮಕ್ಕಳಿಗೆ ಕಲಿಸಬಹುದಾ?

ಖಂಡಿತ ಕಲಿಸಬಹುದು. ಅಪೊಸ್ತಲ ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನಿಗೆ ನಂಬಿಕೆ ಬಂದದ್ದು ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯಿಂದ ಎಂದು ಪೌಲನೇ ಬರೆದಿದ್ದಾನೆ (2 ತಿಮೊಥೆಯನಿಗೆ 1:5). ಓದಿಗಿಂತ ಮೊದಲು ಬೇಕಾದದ್ದು ಮೂರು: ವಾರದ ಪಾಠಭಾಗವನ್ನು ಸತ್ಯವೇದದಲ್ಲೇ (ಬೈಬಲ್‌ನಲ್ಲೇ) ಎರಡು ಸಲ ಓದಿ ಬರುವುದು, ಮೊದಲ ಮಗು ಬರುವುದಕ್ಕೆ 15 ನಿಮಿಷ ಮುಂಚೆ ಕೋಣೆಯಲ್ಲಿರುವುದು, ಪ್ರತಿ ಮಗುವಿನ ಹೆಸರು ತಿಳಿದಿರುವುದು. ಮೊದಲ ದಿನವೇ ಪಾಠ ವಹಿಸಿಕೊಳ್ಳಬೇಡಿ. ನಾಲ್ಕು ಭಾನುವಾರ ಸಹಾಯಕಿಯಾಗಿ ಕೂತು ನೋಡಿ, ಐದನೆಯ ವಾರ ಬಾಯಿಪಾಠ ವಾಕ್ಯವನ್ನಷ್ಟೇ ಹೇಳಿಕೊಡಿ, ಆಮೇಲೆ ಕಥೆ. ಮಕ್ಕಳು ಕೇಳಿದ್ದು ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಓದಿ ಬರ್ತೀನಿ" ಎನ್ನಿ, ಮುಂದಿನ ವಾರ ಮರೆಯದೆ ಉತ್ತರ ತನ್ನಿ. ಆ ಎರಡನೆಯ ಭಾಗ ತಪ್ಪಿದರೆ ಮಕ್ಕಳು ಮತ್ತೆ ಕೇಳುವುದಿಲ್ಲ.

ಸಂಡೇ ಸ್ಕೂಲ್ ಅಂತ ಬೈಬಲ್‌ನಲ್ಲಿ ಎಲ್ಲಿದೆ? ಯಾರು ಶುರು ಮಾಡಿದ್ದು?

ಈಗಿನ ರೂಪದಲ್ಲಿ ಎಲ್ಲೂ ಇಲ್ಲ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೈಕ್ಸ್ 1780ರಲ್ಲಿ ಶುರು ಮಾಡಿದ ಶಾಲೆಯಿಂದ ಇದು ಹರಡಿತು. ವಾರದ ಆರು ದಿನ ದುಡಿಯುತ್ತಿದ್ದ ಬಡ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಅಲ್ಲಿ ಅವರು ಮೊದಲು ಕಲಿತದ್ದು ಅಕ್ಷರ, ಓದಿದ ಪುಸ್ತಕ ಬೈಬಲ್. ರೈಕ್ಸ್‌ಗಿಂತ ಮೊದಲೂ ಅಲ್ಲಲ್ಲಿ ಇಂಥ ಪ್ರಯತ್ನಗಳಿದ್ದವು. ಅವರ ಕೈಯಲ್ಲಿ ಪತ್ರಿಕೆ ಇದ್ದುದರಿಂದ ಸುದ್ದಿ ಬೇಗ ಹಬ್ಬಿತು.

ಸತ್ಯವೇದ ಈ ಕೆಲಸವನ್ನು ಮೊದಲು ಒಪ್ಪಿಸುವುದು ಮನೆಗೆ. ಧರ್ಮೋಪದೇಶಕಾಂಡ 6:7ರಲ್ಲಿ ಹೇಳಿರುವುದು ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಎಂದು. ವಾರಕ್ಕೆ ಒಂದು ಗಂಟೆಯ ತರಗತಿ ಇದಕ್ಕೆ ಒತ್ತಾಸೆಯಾಗಬಲ್ಲದೇ ಹೊರತು ಬದಲಿಯಾಗಲಾರದು. ಈ ಪುಟದ ಹಲವು ಉತ್ತರಗಳ ಹಿಂದೆ ಇರುವುದು ಇದೇ ಲೆಕ್ಕ.

ಎಷ್ಟು ಮಕ್ಕಳಿಗೆ ಎಷ್ಟು ಜನ ಟೀಚರ್ ಬೇಕು?

3ರಿಂದ 5 ವರ್ಷದವರಾದರೆ ಐದಾರು ಮಕ್ಕಳಿಗೊಬ್ಬರು, 6ರಿಂದ 8ರವರಾದರೆ ಎಂಟು ಮಕ್ಕಳಿಗೊಬ್ಬರು, ಅದಕ್ಕೂ ದೊಡ್ಡವರಾದರೆ ಹತ್ತು ಮಕ್ಕಳಿಗೊಬ್ಬರು ಸಾಕು. ಆದರೆ ಮೂರೇ ಮಕ್ಕಳು ಬಂದರೂ ಕೋಣೆಯಲ್ಲಿ ದೊಡ್ಡವರು ಇಬ್ಬರು ಇರಬೇಕು. ಕಾರಣ ಕೊನೆಯ ಭಾಗದಲ್ಲಿದೆ.

ಸಣ್ಣ ಸಭೆಗಳಲ್ಲಿ 4 ವರ್ಷದವರಿಂದ 13ರವರೆಗೆ ಎಲ್ಲ ಸೇರಿ ಹನ್ನೆರಡು ಮಕ್ಕಳಿರುತ್ತಾರೆ. ಆಗ ಹಾಡು ಮತ್ತು ಕಥೆ ಒಟ್ಟಿಗೆ ಮಾಡಿ, ಆಮೇಲೆ ಎರಡು ಗುಂಪು ಮಾಡಿ. ಚಿಕ್ಕವರು ಕಥೆಯನ್ನು ಆಡಿ ತೋರಿಸಲಿ, ದೊಡ್ಡವರು ಅದೇ ಭಾಗವನ್ನು ಸತ್ಯವೇದ ತೆರೆದು ಓದಿ ಪ್ರಶ್ನೆ ಹುಡುಕಲಿ.

ಒಂದು ಗಂಟೆಯನ್ನು ಹೇಗೆ ಹಂಚೋದು?

ಹೀಗೆ ಹಂಚಿದರೆ ಬಹುತೇಕ ಕೆಲಸ ಮಾಡುತ್ತದೆ: ಬರುತ್ತಿರುವವರಿಗೆ ಮೇಜಿನ ಮೇಲೆ ಏನಾದರೊಂದು ಕೆಲಸ 10 ನಿಮಿಷ, ಹಾಡು ಮತ್ತು ಪ್ರಾರ್ಥನೆ 10, ಕಥೆ 12, ವಾಕ್ಯ 8, ಚಟುವಟಿಕೆ 15, ಕೊನೆಯ ಪ್ರಾರ್ಥನೆ ಮತ್ತು ಕಳಿಸಿಕೊಡುವುದು 5. ಎಡವುವುದು ಹೆಚ್ಚಾಗಿ ಮೊದಲ ಹತ್ತು ನಿಮಿಷದಲ್ಲಿ. "ಎಲ್ಲರೂ ಬರಲಿ, ಆಮೇಲೆ ಶುರು" ಎಂದು ಸುಮ್ಮನೆ ಕೂರಿಸಿದರೆ ಮೊದಲು ಬಂದವರು ಓಡಾಟ ಆರಂಭಿಸುತ್ತಾರೆ, ಅದನ್ನು ನಿಲ್ಲಿಸಲು ಮತ್ತೆ ಹತ್ತು ನಿಮಿಷ ಹೋಗುತ್ತದೆ. ದೊಡ್ಡವರ ಆರಾಧನೆಯ ಪ್ರಸಂಗ ಉದ್ದವಾಗುವ ದಿನಕ್ಕೆಂದು ಸಾಮಾನು ಬೇಡದ ಎರಡು ಆಟ ಸದಾ ಕೈಯಲ್ಲಿರಲಿ. ಅಂಥ ದಿನಗಳು ಬರುತ್ತವೆ.

ನನ್ನ ಮಗಳು ನನ್ನ ಬಿಟ್ಟು ತರಗತಿಗೆ ಹೋಗೋದೇ ಇಲ್ಲ, ಒಂದೇ ಸಮ ಅಳು.

ಮೂರು ವರ್ಷದ ಒಳಗಿನವರಲ್ಲಿ ಇದು ಬೆಳವಣಿಗೆಯ ಒಂದು ಹಂತ, ಹಟವೆಂದು ತಿಳಿಯಬೇಡಿ. ಮೊದಲ ಎರಡು ವಾರ ನೀವೂ ಒಳಗೆ ಕೂತಿರಿ, ಆದರೆ ಗೋಡೆಯ ಪಕ್ಕದಲ್ಲಿ. ಮೂರನೆಯ ವಾರ ಅರ್ಧಕ್ಕೆ ಎದ್ದು "ಪ್ರಾರ್ಥನೆ ಮುಗಿದ ತಕ್ಷಣ ಬರ್ತೀನಿ" ಎಂದು ಹೇಳಿಯೇ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಮಗು ಬೊಂಬೆ ನೋಡುತ್ತಿರುವಾಗ ಕಳ್ಳನಂತೆ ಜಾರಿಕೊಳ್ಳುವುದು ಆ ಹೊತ್ತಿಗೆ ಸುಲಭ, ಆದರೆ ಮುಂದಿನ ವಾರ ಅದು ನಿಮ್ಮ ಬಟ್ಟೆ ಬಿಡುವುದೇ ಇಲ್ಲ. ಟೀಚರ್‌ಗಳಿಗೂ ಒಂದು ಮಾತು: ಹತ್ತು ನಿಮಿಷವಾದರೂ ಅಳು ಇಳಿಯದಿದ್ದರೆ ತಾಯಿಯನ್ನು ಕರೆಯಿರಿ. ಅತ್ತೂ ಅತ್ತೂ ಸುಮ್ಮನಾದ ಮಗು ಹೊಂದಿಕೊಂಡಿತು ಅಂತಲ್ಲ.

## ತರಗತಿಯ ಒಳಗೆ

ಕಥೆ ಶುರು ಮಾಡಿ ಐದೇ ನಿಮಿಷಕ್ಕೆ ಎಲ್ಲರೂ ಹೊರಳಾಡ್ತಾರೆ. ಏನ್ ಮಾಡ್ಲಿ?

ಕಥೆಯನ್ನೇ ಐದು ನಿಮಿಷಕ್ಕೆ ಇಳಿಸಿ. 3–5 ವರ್ಷದವರಿಗೆ ಐದರಿಂದ ಏಳು ನಿಮಿಷ, 6–8ರವರಿಗೆ ಹತ್ತು, 9–12ರವರಿಗೆ ಹದಿನೈದು ಮೀರದಿರಲಿ. ಆಮೇಲೆ ಕಥೆಯನ್ನು ಎಲ್ಲಿಂದ ಶುರು ಮಾಡುತ್ತೀರಿ ಎಂಬುದನ್ನು ನೋಡಿ. ಜಕ್ಕಾಯನ ಕಥೆಯನ್ನು (ಲೂಕ 19:1–10) ಸುಂಕದವರು ಯಾರು, ರೋಮನ್ನರು ಯಾರು ಎಂದು ವಿವರಿಸುತ್ತ ತೆರೆದರೆ ಮರ ಹತ್ತುವ ಹೊತ್ತಿಗೆ ಕೇಳುವವರೇ ಇರುವುದಿಲ್ಲ. "ಒಬ್ಬ ಕುಳ್ಳ ಮನುಷ್ಯ ಓಡ್ತಾ ಇದ್ದಾನೆ" ಎಂದು ಶುರು ಮಾಡಿ. ಏಕೆ ಓಡುತ್ತಿದ್ದಾನೆ ಎಂದು ಮಕ್ಕಳೇ ಕೇಳುತ್ತಾರೆ, ಆಗ ವಿವರಣೆಗೆ ಜಾಗ ಸಿಗುತ್ತದೆ.

ತಯಾರಿಗೆ ಒಂದು ಕ್ರಮ. ಪಾಠಭಾಗವನ್ನು ಓದಿ ಪುಸ್ತಕ ಮುಚ್ಚಿ, ಕಥೆಯನ್ನು ಐದು ಚಿತ್ರಗಳಾಗಿ ಯೋಚಿಸಿ. ಜಕ್ಕಾಯನದಾದರೆ: ಗುಂಪಿನ ಹಿಂದೆ ಕುಳ್ಳ, ಮರ, ಯೇಸು ತಲೆ ಎತ್ತಿ ಹೆಸರು ಕರೆದದ್ದು, ಜನರ ಗೊಣಗಾಟ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವ ಮಾತು. ಈ ಐದನ್ನಷ್ಟೇ ನೆನಪಿಡಿ, ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ. ಮೂರನೆಯ ಚಿತ್ರದಲ್ಲಿ ದನಿ ತಗ್ಗಿಸಿ. ಗದ್ದಲ ಹೆಚ್ಚಿದಂತೆ ದನಿ ಏರಿಸುವುದು ಎಲ್ಲರ ಅಭ್ಯಾಸ, ಅದರಿಂದ ಗದ್ದಲವೂ ಏರುತ್ತದೆ.

ಕೂರುವ ರೀತಿಯೂ ಮುಖ್ಯ. ಕಿಟಕಿ ನಿಮ್ಮ ಬೆನ್ನ ಹಿಂದಿದ್ದರೆ ಬೆಳಕು ಮಕ್ಕಳ ಕಣ್ಣಿಗೆ ಹೊಡೆದು ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಬಾಗಿಲು ಮಕ್ಕಳ ಎದುರಿಗಿದ್ದರೆ ಯಾರು ಬಂದರೂ ಎಲ್ಲರ ತಲೆ ಆ ಕಡೆ. ಹಾಗಾಗಿ ಮಕ್ಕಳ ಬೆನ್ನು ಬಾಗಿಲಿಗೆ, ನಿಮ್ಮ ಬೆನ್ನು ಖಾಲಿ ಗೋಡೆಗೆ.

ಕಥೆಗೆ ಸ್ವಲ್ಪ ಬಣ್ಣ ಕಟ್ಟಿದ್ರೆ ತಪ್ಪೇನು?

ದನಿ, ಹಾವಭಾವ, "ಆಗ ಅವನಿಗೆ ಎಷ್ಟು ಭಯ ಆಗಿರಬೇಕು" ಎಂಬಂಥ ಊಹೆ ಎಲ್ಲ ಸರಿ. ಊಹೆಯನ್ನು ಊಹೆಯೆಂದೇ ಹೇಳಿ. ಇಲ್ಲದ್ದನ್ನು ಇದೆ ಎಂದರೆ ಮುಂದೆ ಮಗು ತಾನೇ ಓದಿದಾಗ ಉಳಿದದ್ದನ್ನೂ ಅನುಮಾನಿಸುತ್ತದೆ. ಮತ್ತಾಯನ 2ನೇ ಅಧ್ಯಾಯದಲ್ಲಿ ಮಗು ಯೇಸುವನ್ನು ನೋಡಲು ಬಂದ ಜ್ಞಾನಿಗಳು ಮೂರೇ ಜನ ಎಂದಿಲ್ಲ, ಮೂರಿದ್ದದ್ದು ಕಾಣಿಕೆ. ಅವರು ಬಂದದ್ದೂ ಮನೆಗೆ, ಗೋದಲಿಗಲ್ಲ. ಯೋನನನ್ನು ನುಂಗಿದ್ದು ದೊಡ್ಡ ಮೀನು ಎಂದಷ್ಟೇ ಇದೆ.

ಬಣ್ಣ ಬೇಕೆಂದರೆ ಅಳತೆಯಲ್ಲೇ ಬೇಕಾದಷ್ಟಿದೆ. ದಾವೀದ ಎದುರಿಸಿದ ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು, ಅಂದರೆ ಸುಮಾರು 2.9 ಮೀಟರ್. ಗೋಡೆಯ ಮೇಲೆ ಅಷ್ಟೆತ್ತರಕ್ಕೆ ಗೆರೆ ಎಳೆದು ಪಕ್ಕದಲ್ಲಿ ಒಂದೊಂದೇ ಮಗುವನ್ನು ನಿಲ್ಲಿಸಿ. ಕೆಲವು ಹಳೆಯ ಪ್ರತಿಗಳಲ್ಲಿ ನಾಲ್ಕು ಮೊಳ ಒಂದು ಗೇಣು ಎಂದಿದೆ, ದೊಡ್ಡ ಮಕ್ಕಳು ಕೇಳಿದರೆ ಅದನ್ನೂ ಹೇಳಿ. ನೋಹನ ನಾವೆಯ ಉದ್ದ 300 ಮೊಳ, ಸುಮಾರು 135 ಮೀಟರ್. ಬಯಲಿದ್ದರೆ ಹಗ್ಗ ಹಿಡಿದು ನಡೆಸಿ ತೋರಿಸಬಹುದು.

ಈ ವಾರ ಕಲಿತ ವಾಕ್ಯ ಮುಂದಿನ ವಾರಕ್ಕೆ ಮರೆತೇ ಹೋಗಿರುತ್ತೆ. ಏನು ಉಪಾಯ?

ಮರೆಯುವುದು ಸಹಜ, ಏಕೆಂದರೆ ಆ ವಾಕ್ಯ ಮತ್ತೆ ಕಿವಿಗೆ ಬೀಳುವುದು ಏಳು ದಿನದ ನಂತರ. ಮೊದಲು ಅರ್ಥ, ಆಮೇಲೆ ಮಾತು: "ಇದನ್ನು ಯಾರು, ಯಾರಿಗೆ, ಯಾವಾಗ ಹೇಳಿದ್ದು" ಎಂದು ಒಂದು ನಿಮಿಷ ಹೇಳಿ. ನಂತರ ಮೂರು ನಾಲ್ಕು ಪದದ ತುಂಡುಗಳಾಗಿ ಒಡೆದು, ತುಂಡಿಗೊಂದು ಕೈಸನ್ನೆ ಕೊಡಿ. ಬೋರ್ಡಿನ ಮೇಲೆ ಪೂರ್ತಿ ಬರೆದು, ಎಲ್ಲರೂ ಹೇಳಿದ ಪ್ರತಿ ಸಲವೂ ಎರಡು ಪದ ಅಳಿಸುತ್ತ ಹೋಗಿ. ಬೋರ್ಡು ಖಾಲಿಯಾದ ಮೇಲೂ ಹೇಳುತ್ತಿರುತ್ತಾರೆ. ಅಧ್ಯಾಯ, ವಚನದ ಸಂಖ್ಯೆಯನ್ನು ಮೊದಲೂ ಕೊನೆಗೂ ಹೇಳಿಸಿ, ಇಲ್ಲದಿದ್ದರೆ ಮೊದಲು ಮರೆಯುವುದು ಅದನ್ನೇ.

ನಾಲ್ಕು ವರ್ಷದವರಿಗೆ ನಾಲ್ಕರಿಂದ ಆರು ಪದ, ಎಂಟು ವರ್ಷದವರಿಗೆ ಹತ್ತು ಹನ್ನೆರಡು ಪದ ಸಾಕು. ವಾಕ್ಯ ಉದ್ದವಿದ್ದರೆ ಎರಡು ವಾರ ತೆಗೆದುಕೊಳ್ಳಿ. ಮನೆಯವರಿಗೆ ಅಂಗೈಯಗಲದ ಚೀಟಿಯಲ್ಲಿ ಬರೆದುಕೊಟ್ಟು ಸೋಮವಾರ, ಬುಧವಾರ, ಶನಿವಾರ ಒಮ್ಮೊಮ್ಮೆ ಹೇಳಿಸಲು ತಿಳಿಸಿ. ಒಂದು ತಿಂಗಳ ಬಳಿಕ ತರಗತಿಯಲ್ಲಿ ಮತ್ತೊಮ್ಮೆ ಹೇಳಿಸಿ. ತರಗತಿಯಲ್ಲಿ ಒಂದು ಭಾಷಾಂತರ, ಮನೆಯಲ್ಲಿ ಇನ್ನೊಂದು ಆದರೆ ಎರಡೂ ಕಲಸಿಹೋಗುತ್ತವೆ, ಯಾವುದೆಂದು ಮೊದಲೇ ತೀರ್ಮಾನಿಸಿ.

ಹಾಡು ಹೇಳಿಸಿದ್ರೆ ಹಾಡಲ್ಲ, ಕಿರುಚ್ತಾರೆ.

ಶ್ರುತಿ ತಪ್ಪಿದೆ. 4–7 ವರ್ಷದ ಮಕ್ಕಳ ಗಂಟಲಿಗೆ ಹಿತವಾಗಿರುವುದು ಕೀಬೋರ್ಡಿನ ಮಧ್ಯದ 'ಸಿ'ಯ ಪಕ್ಕದ 'ಡಿ'ಯಿಂದ ಅದರ ಮೇಲಿನ 'ಎ'ವರೆಗೆ, ಅಷ್ಟೇ. ದೊಡ್ಡವರಿಗಾಗಿ ಕಟ್ಟಿದ ಹಾಡುಗಳು ಆ ಗಡಿಯನ್ನು ಎರಡೂ ಕಡೆ ದಾಟುತ್ತವೆ. ಗಂಡಸರು ಹಾಡಿಕೊಟ್ಟರೆ ಒಂದು ಸ್ಥಾಯಿ ಕೆಳಗಿರುತ್ತದೆ, ಆ ಸ್ವರ ಸಿಗದೆ ಮಕ್ಕಳು ಕೂಗಲು ಹಿಡಿಯುತ್ತಾರೆ. ಮೊದಲ ಸ್ವರವನ್ನು ಕೀಬೋರ್ಡಿನಲ್ಲಿ ಕೊಡಿ ಅಥವಾ ಒಬ್ಬ ಅಕ್ಕನಿಂದಲೋ ದೊಡ್ಡ ಹುಡುಗಿಯಿಂದಲೋ ಎತ್ತಿಸಿ. "ಜೋರಾಗಿ, ಇನ್ನೂ ಜೋರಾಗಿ" ಎಂದು ಹುರಿದುಂಬಿಸುವುದನ್ನು ಬಿಟ್ಟುಬಿಡಿ. ಆಕ್ಷನ್ ಸಾಂಗ್ (ಅಭಿನಯದ ಹಾಡು) ಎರಡಾದ ಮೇಲೆ ಒಂದು ನಿಧಾನದ ಹಾಡು ಬರಲಿ, ಕಥೆಗೆ ಕೂರಿಸಲು ಅದು ಮೆಟ್ಟಿಲಾಗುತ್ತದೆ.

ಕ್ರಾಫ್ಟ್ ಯಾವಾಗ್ಲೂ ಅರ್ಧಕ್ಕೇ ನಿಲ್ಲುತ್ತೆ, ಕೋಣೆ ತುಂಬಾ ಗಲೀಜು.

ಮನೆಯಲ್ಲಿ ನೀವೇ ಒಂದು ಮಾಡಿ, ಹೊತ್ತು ನೋಡಿಕೊಳ್ಳಿ. ನಿಮಗೆ ನಾಲ್ಕು ನಿಮಿಷವಾದರೆ ಮಕ್ಕಳಿಗೆ ಹನ್ನೆರಡು. ಹದಿನೈದು ದಾಟುವುದಾದರೆ ಒಂದಷ್ಟು ಭಾಗವನ್ನು ನೀವೇ ಕತ್ತರಿಸಿಟ್ಟುಕೊಳ್ಳಿ. ಇಪ್ಪತ್ತು ಮಕ್ಕಳಿಗೆ 24 ಜೊತೆ ಸಾಮಾನಿರಲಿ. ಹರಿಯುವುದು, ಹೊಸ ಮಗು ಬರುವುದು ಎರಡೂ ಖಚಿತ. ಮೊಂಡು ತುದಿಯ ಕತ್ತರಿ ಇಬ್ಬರಿಗೊಂದು. ನೀರಂಟು ಹಚ್ಚಿದರೆ ಒಣಗಲು ಅರ್ಧ ಗಂಟೆ ಬೇಕು, ಮಕ್ಕಳು ಹಸಿಯಾಗಿಯೇ ಎತ್ತಿಕೊಂಡು ಹೋಗಿ ಬಾಗಿಲಲ್ಲೇ ಬೀಳಿಸುತ್ತಾರೆ. ಗಮ್ ಸ್ಟಿಕ್ ಮೇಲು. ಹೆಸರನ್ನು ಕೆಲಸ ಶುರುವಾಗುವ ಮೊದಲೇ ಹಿಂಬದಿಯಲ್ಲಿ ಬರೆಸಿ, ಮುಗಿದ ಮೇಲೆ ಯಾವುದು ಯಾರದೆಂದು ದೇವರಿಗೇ ಗೊತ್ತು. ಮೂರರೊಳಗಿನ ಮಕ್ಕಳಿರುವ ಕೋಣೆಯಲ್ಲಿ ಮಣಿ, ಗುಂಡಿಗಳಂಥ ಬಾಯಿಗೆ ಹೋಗುವ ಸಣ್ಣ ವಸ್ತು ಬೇಡವೇ ಬೇಡ.

ಕೈಬೊಂಬೆ ಆಡಿಸ್ತೀವಿ, ಆದರೆ ಯಾಕೋ ಜೀವ ಬರಲ್ಲ.

ಬಾಯಿ ತೆರೆಯುವಾಗ ನಾಲ್ಕು ಬೆರಳು ಮೇಲೆ ಹೋಗುತ್ತಿವೆಯೇ ನೋಡಿ. ಹಾಗಾದರೆ ಬೊಂಬೆಯ ತಲೆ ಹಿಂದಕ್ಕೆ ಹಾರುತ್ತದೆ. ಬೆರಳು ನಿಶ್ಚಲವಾಗಿರಲಿ, ಹೆಬ್ಬೆರಳು ಮಾತ್ರ ಕೆಳಗಿಳಿಯಲಿ, ಏಕೆಂದರೆ ಮಾತಾಡುವಾಗ ಅಲುಗುವುದು ಕೆಳದವಡೆ. ಒಂದು ಉಚ್ಚಾರಕ್ಕೆ ಒಮ್ಮೆ ತೆರೆಯಬೇಕು: "ನಮಸ್ಕಾರ" ಎನ್ನಲು ನಾಲ್ಕು ಸಲ. ಮಣಿಕಟ್ಟನ್ನು ಸ್ವಲ್ಪ ಕೆಳಗೆ ಬಗ್ಗಿಸದಿದ್ದರೆ ಬೊಂಬೆ ಛಾವಣಿ ನೋಡುತ್ತಿರುತ್ತದೆ. ಒಳಗೆ ಬರುವಾಗ, ಹೋಗುವಾಗ ಮೆಟ್ಟಿಲು ಹತ್ತಿ ಇಳಿದಂತೆ ಹಂತಹಂತವಾಗಿ. ಕೈ ಸೋಲುವುದರಿಂದ ನಾಲ್ಕು ನಿಮಿಷಕ್ಕಿಂತ ಉದ್ದದ ಸಂಭಾಷಣೆ ಬರೆಯಬೇಡಿ. ಯೇಸುವಿನ ಪಾತ್ರವನ್ನು ಬೊಂಬೆಗೆ ಕೊಡದಿರುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ, ಪುಟ್ಟ ಮಕ್ಕಳು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಹಾಜರಿಗೆ ಬಹುಮಾನ ಕೊಡಬೇಕಾ ಬೇಡ್ವಾ?

ಬೇಡ. ಏಳು ವರ್ಷದ ಮಗು ತಾನಾಗಿ ಸಭೆಗೆ ಬರುವುದಿಲ್ಲ, ಯಾರೋ ಕರೆತರಬೇಕು. ತಂದೆಗೆ ಭಾನುವಾರವೂ ಪಾಳಿ ಇರುವ ಮನೆಯ ಮಗು ವರ್ಷದ ಕೊನೆಗೆ ಬರಿಗೈಯಲ್ಲಿ ಕೂರುತ್ತದೆ, ಅದರ ತಪ್ಪೇನೂ ಇರುವುದಿಲ್ಲ. ಮಗು ತಾನೇ ಮಾಡಿದ್ದನ್ನು ಗುರುತಿಸಿ: ಹೊಸಬನಿಗೆ ಜಾಗ ಬಿಟ್ಟುಕೊಟ್ಟದ್ದು, ವಾಕ್ಯ ಕಲಿತದ್ದು. ಬಂದಿಲ್ಲದ ಮಗುವಿಗೆ ಆ ವಾರವೇ ಒಂದು ಫೋನ್ ಮಾಡಿದರೆ ಯಾವ ಬಹುಮಾನಕ್ಕಿಂತಲೂ ಹಾಜರಿ ಏರುತ್ತದೆ.

ಒಬ್ಬ ಹುಡುಗ ಇಡೀ ತರಗತಿ ಕೆಡಿಸ್ತಾನೆ. ಹೊರಗೆ ಕಳಿಸಲಾ?

ಒಬ್ಬನೇ ಹೊರಗೆ ಕಳಿಸಬೇಡಿ, ಅವನು ಎಲ್ಲಿದ್ದಾನೆಂದು ನೋಡುವವರಿರುವುದಿಲ್ಲ. ಹೊಡೆಯುವುದು, ಕಿವಿ ಹಿಂಡುವುದು, ಎಲ್ಲರೆದುರು ಅವಮಾನ ಮಾಡುವುದು ಯಾವ ಕಾರಣಕ್ಕೂ ಇಲ್ಲ. ಮೊದಲ ಹೆಜ್ಜೆ ಅವನ ಪಕ್ಕಕ್ಕೆ ಹೋಗಿ ನಿಂತು ಕಥೆ ಮುಂದುವರಿಸುವುದು, ಹತ್ತರಲ್ಲಿ ಏಳು ಸಲ ಅಷ್ಟೇ ಸಾಕು. ಎರಡನೆಯದು ಕೆಲಸ ಕೊಡುವುದು: ಚಿತ್ರ ಹಿಡಿಯುವುದು, ಹಾಜರಿ ಪುಸ್ತಕ ತರುವುದು. ಮೂರನೆಯದು ಸಹಾಯಕರೊಬ್ಬರು ಅವನ ಜೊತೆ ಕೋಣೆಯಲ್ಲೇ ಹಿಂದೆ ಕೂರುವುದು. ಯಾವ ಹೊತ್ತಿನಲ್ಲಿ ಶುರುವಾಗುತ್ತದೆ ಎಂದು ಮೂರು ವಾರ ಗುರುತು ಹಾಕಿ. ಓದುವ ಹೊತ್ತಿಗೇ ಗಲಾಟೆ ಎಂದಾದರೆ ಅವನಿಗೆ ಓದಲು ಬರುತ್ತಿಲ್ಲ ಎಂದಿರಬಹುದು. ಎಲ್ಲರೆದುರು ಸರದಿಯಂತೆ ಓದಿಸುವ ಪದ್ಧತಿ ಈ ಕಾರಣಕ್ಕೇ ಒಳ್ಳೆಯದಲ್ಲ.

## ಮನೆಯಲ್ಲಿ

ಕುಟುಂಬ ಪ್ರಾರ್ಥನೆ ಅಂದ್ರೆ ಮಕ್ಕಳು ಮುಖ ಸಿಂಡರಿಸ್ತಾರೆ. ಬಲವಂತ ಮಾಡಲಾ?

ಹೊತ್ತು ಕಡಿಮೆ ಮಾಡಿ, ದಿನ ತಪ್ಪಿಸಬೇಡಿ. ಏಳು ನಿಮಿಷ ಸಾಕು: ಒಂದು ಚರಣ ಹಾಡು, ಐದಾರು ವಚನ, ಒಂದು ಪ್ರಶ್ನೆ, ಎರಡು ಸಾಲಿನ ಪ್ರಾರ್ಥನೆ. ಮಕ್ಕಳು ತೂಕಡಿಸುವ ರಾತ್ರಿಯ ಬದಲು ಊಟದ ಮೇಜಿನಲ್ಲೇ, ತಟ್ಟೆ ಎತ್ತುವ ಮೊದಲು ಮಾಡಿ ನೋಡಿ. ಕೀರ್ತನೆಗಳಿಗಿಂತ ಮೊದಲು ಕಥೆಯಿರುವ ಭಾಗಗಳಿಂದ ಶುರು ಮಾಡಿ: ಮಾರ್ಕನ ಸುವಾರ್ತೆಗೆ 16 ಅಧ್ಯಾಯ, ರೂತಳಿಗೆ ನಾಲ್ಕು, ಯೋನನಿಗೂ ನಾಲ್ಕು. ವಾರದಲ್ಲಿ ಒಂದು ದಿನ ಚಿಕ್ಕವರೇ ನಡೆಸಲಿ. ಆ ದಿನ "ನಾಯಿಯ ಕಾಲು ವಾಸಿಯಾಗಲಿ, ಗಣಿತ ಪರೀಕ್ಷೆ ರದ್ದಾಗಲಿ" ಎಂಬ ಪ್ರಾರ್ಥನೆ ಬಂದರೆ ನಗು ಬಂದರೂ ತಿದ್ದಬೇಡಿ, ಆಮೆನ್ ಅನ್ನಿ. ಮನೆಯ ನಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಕ್ಕಳು ಮಾಡಿದ ತಪ್ಪನ್ನು ಪ್ರಾರ್ಥನೆಯ ನೆಪದಲ್ಲಿ ದೇವರಿಗೆ ವರದಿ ಒಪ್ಪಿಸುವ ದೊಡ್ಡವರಿದ್ದಾರೆ, ಮುಖ ಸಿಂಡರಿಸಲು ಅದೊಂದೇ ಕಾರಣ ಸಾಕು.

ಭಾನುವಾರ ಬೆಳಿಗ್ಗೆ ಅಂದ್ರೆ ನಮ್ಮ ಮನೆಯಲ್ಲಿ ಯುದ್ಧ. ಸಭೆಗೆ ತಲುಪೋ ಹೊತ್ತಿಗೆ ಯಾರ ಮುಖದಲ್ಲೂ ನಗು ಇರಲ್ಲ.

ಶನಿವಾರ ಸಂಜೆಯೇ ಗೆಲ್ಲಬೇಕಾದ ಯುದ್ಧ ಇದು. ಬಟ್ಟೆ, ಎರಡೂ ಕಾಲಿನ ಚಪ್ಪಲಿ, ಸತ್ಯವೇದ, ಕಾಣಿಕೆ ಎಲ್ಲವನ್ನೂ ಬಾಗಿಲ ಬಳಿ ಇಟ್ಟು ಮಲಗಿ. ಹೊರಡುವ ಸಮಯಕ್ಕಿಂತ ಕಾಲು ಗಂಟೆ ಮುಂಚಿನ ಸಮಯವನ್ನೇ ಮನೆಯಲ್ಲಿ ಹೇಳಿ. ಹಾಗೂ ತಡವಾದರೆ ತಡವಾಗಿಯೇ ಹೋಗಿ, ಕೂಗಾಡಿ ಸಮಯಕ್ಕೆ ತಲುಪುವುದರಲ್ಲಿ ಲಾಭವಿಲ್ಲ.

"ಇವತ್ತು ಏನ್ ಕಲಿತೆ?" ಅಂದ್ರೆ "ಗೊತ್ತಿಲ್ಲ" ಅಂತಾನೆ.

ಪ್ರಶ್ನೆ ಬಹಳ ಅಗಲವಾಗಿದೆ. "ಕಥೆಯಲ್ಲಿ ಯಾರಿಗೆ ಭಯ ಆಯ್ತು?", "ಟೀಚರ್ ಯಾವ ದನಿಯಲ್ಲಿ ಮಾತಾಡಿದ್ರು?", "ನಿನ್ನ ಪಕ್ಕ ಯಾರು ಕೂತಿದ್ರು?" ಎಂದು ಕೇಳಿ, ಅದೂ ಸಭೆಯಿಂದ ಹೊರಬಂದ ಕ್ಷಣದಲ್ಲಲ್ಲ, ಮಧ್ಯಾಹ್ನ ಏನಾದರೂ ಕೈಕೆಲಸ ಮಾಡುತ್ತಿರುವಾಗ. ಟೀಚರ್‌ಗಳು ಪ್ರತಿ ವಾರ ಪೋಷಕರಿಗೆ ಎರಡೇ ಸಾಲು ಕಳಿಸಲಿ: ಕಥೆ ಯಾವುದು, ಕೇಳಬಹುದಾದ ಒಂದು ಪ್ರಶ್ನೆ. ಉದ್ದದ ಸಂದೇಶ ಯಾರೂ ಓದುವುದಿಲ್ಲ.

ನನ್ನ ಮಗನೇ ನನ್ನ ತರಗತಿಯಲ್ಲಿದ್ದಾನೆ. ಉಳಿದವರಿಗಿಂತ ಅವನೇ ಜಾಸ್ತಿ ಕಾಟ ಕೊಡ್ತಾನೆ.

ಅಮ್ಮನನ್ನು ಇಪ್ಪತ್ತು ಜನರ ಜೊತೆ ಹಂಚಿಕೊಳ್ಳುವುದು ಅವನಿಗೆ ಸುಲಭವಲ್ಲ. ತರಗತಿಯಲ್ಲಿ ಅವನನ್ನು ತಿದ್ದುವ ಕೆಲಸ ಇನ್ನೊಬ್ಬ ಟೀಚರ್‌ಗೆ ಬಿಡಿ. ಅವನ ತಪ್ಪಿಗೆ ಬೇರೆಯವರಿಗಿಂತ ಕಠಿಣ ಶಿಕ್ಷೆಯೂ ಬೇಡ, ಪ್ರಶ್ನೆಗೆ ಉತ್ತರ ಬರಲೇಬೇಕೆಂಬ ನಿರೀಕ್ಷೆಯೂ ಬೇಡ. ಪಾಠವನ್ನು ಮನೆಯಲ್ಲಿ ಅವನ ಮುಂದೆ ಮೊದಲೇ ಒಪ್ಪಿಸಿ ನೋಡಬೇಡಿ. ತರಗತಿಯಲ್ಲಿ ಕಥೆಯ ಕೊನೆಯನ್ನು ಅವನೇ ಕೂಗಿಬಿಡುತ್ತಾನೆ. ಸಾಧ್ಯವಿದ್ದರೆ ಒಂದು ವರ್ಷ ಬೇರೆ ವಯಸ್ಸಿನ ಗುಂಪು ತೆಗೆದುಕೊಳ್ಳಿ. ಪಾಸ್ಟರ್ ಮನೆಯ ಮಕ್ಕಳಿಗೂ ಇದೇ ಮಾತು.

ಸೇವೆ ಸೇವೆ ಅಂತ ಓಡಾಡಿ ಸ್ವಂತ ಮಕ್ಕಳಿಗೇ ಸಮಯ ಇಲ್ಲ. ಬಿಡಬೇಕಾ?

ಬಿಡುವ ಮೊದಲು ಪಟ್ಟಿ ಬದಲಿಸಿ. ತಿಂಗಳಲ್ಲಿ ಒಂದು ಭಾನುವಾರ ಟೀಚರ್ ಪೂರ್ತಿ ಬಿಡುವಾಗಿ ಮನೆಯವರ ಜೊತೆ ಆರಾಧನೆಯಲ್ಲಿ ಕೂರಬೇಕು. ಇದನ್ನು ರಜೆಯೆಂದು ಕೇಳಿ ಪಡೆಯುವಂತಾಗಬಾರದು, ಸರದಿ ಪಟ್ಟಿಯಲ್ಲೇ ಬರೆದಿರಬೇಕು. ವಿ.ಬಿ.ಎಸ್. (ರಜೆಯಲ್ಲಿ ನಡೆಯುವ ಮಕ್ಕಳ ಬೈಬಲ್ ಶಾಲೆ) ಮತ್ತು ಕ್ರಿಸ್‌ಮಸ್ ಕಾರ್ಯಕ್ರಮ ಎರಡರ ಹೊಣೆಯೂ ಒಂದೇ ವರ್ಷ ಒಬ್ಬರ ಮೇಲೆ ಬೀಳಬಾರದು. ಪಾಠದ ತಯಾರಿಯನ್ನು ಶನಿವಾರ ರಾತ್ರಿಗೆ ನೂಕಿದರೆ ಮನೆಯವರ ವಾರಾಂತ್ಯ ಹೋಗುತ್ತದೆ. ಮಂಗಳವಾರ ಓದಿ, ಗುರುವಾರ ಸಾಮಾನು ಜೋಡಿಸಿ.

ಇಷ್ಟೆಲ್ಲ ಮಾಡಿದರೂ ಮನೆಯಲ್ಲಿ "ಅಪ್ಪ ಇವತ್ತೂ ಇಲ್ವಾ?" ಎಂಬ ಮಾತು ನಿಲ್ಲದಿದ್ದರೆ ಆರು ತಿಂಗಳು ಬಿಡಿ. ಸಭೆಗೆ ಬೇರೆ ಟೀಚರ್ ಸಿಗುತ್ತಾರೆ.

## ತೂಕದ ಪ್ರಶ್ನೆಗಳು

"ಪ್ರಾರ್ಥನೆ ಮಾಡಿದ್ರೂ ಅಜ್ಜಿ ಯಾಕೆ ಸತ್ತೋದ್ರು?" ಅಂತ ಮಗು ಕೇಳಿದ್ರೆ?

"ನಿನಗೆ ಏನನ್ನಿಸುತ್ತೆ?" ಎಂದು ಮೊದಲು ಕೇಳಿ, ಮಗು ನಿಜವಾಗಿ ಯಾವುದಕ್ಕೆ ಹೆದರಿದೆ ಎಂದು ಗೊತ್ತಾಗುತ್ತದೆ. ಎಷ್ಟೋ ಸಲ ಅದು "ನಾನು ಸರಿಯಾಗಿ ಪ್ರಾರ್ಥಿಸಲಿಲ್ಲ" ಎಂದುಕೊಂಡಿರುತ್ತದೆ. ಹಾಗಲ್ಲ ಎಂದು ಸ್ಪಷ್ಟವಾಗಿ ಹೇಳಿ. ಪುಟ್ಟವರಿಗೆ "ಅಜ್ಜಿ ಮಲಗಿದ್ದಾರೆ" ಎನ್ನಬೇಡಿ, ರಾತ್ರಿ ಮಲಗಲು ಹೆದರುತ್ತಾರೆ. "ದೇವರಿಗೆ ಬೇಕಾಗಿತ್ತು, ಕರ್ಕೊಂಡ" ಎಂದರೆ ದೇವರನ್ನೇ ಕಳ್ಳನಂತೆ ಕಾಣುತ್ತಾರೆ. "ಅಜ್ಜಿ ಸತ್ತಿದ್ದಾರೆ, ಅವರ ದೇಹ ಇನ್ನು ಕೆಲಸ ಮಾಡಲ್ಲ" ಎಂಬ ನೇರ ಮಾತಿನ ಜೊತೆ ಪುನರುತ್ಥಾನದ ನಿರೀಕ್ಷೆಯನ್ನು ಹೇಳಿ. ಗೆಳೆಯ ಲಾಜರ ಸತ್ತಾಗ ಯೇಸು ಅತ್ತದ್ದನ್ನು (ಯೋಹಾನ 11:35) ಓದಿ, ಅಳಲು ಬಿಡಿ. ಐದಾರು ವರ್ಷದೊಳಗಿನ ಮಗು ಮರುದಿನ "ಅಜ್ಜಿ ಯಾವಾಗ ಬರ್ತಾರೆ?" ಎಂದು ಮತ್ತೆ ಕೇಳಬಹುದು. ಸಾವು ಶಾಶ್ವತ ಎಂಬುದು ಆ ವಯಸ್ಸಿಗೆ ಇನ್ನೂ ಹಿಡಿತಕ್ಕೆ ಸಿಕ್ಕಿರುವುದಿಲ್ಲ.

ಇಸಾಕನ ಬಲಿಯ ಕಥೆಯನ್ನು ಚಿಕ್ಕವರಿಗೆ ಹೇಳಬಹುದಾ?

ಎಂಟು ವರ್ಷದೊಳಗಿನವರಿಗೆ ಬೇಡ. ಆ ವಯಸ್ಸಿನ ಮಗು ತನ್ನನ್ನು ಮಗನನ್ನೇ ಬಲಿ ಕೊಡಲು ಹೊರಟ ಅಬ್ರಹಾಮನ ಜಾಗದಲ್ಲಿ ನೋಡುವುದಿಲ್ಲ, ಕಟ್ಟಿಗೆಯ ಮೇಲೆ ಮಲಗಿದ ಹುಡುಗನ ಜಾಗದಲ್ಲಿ ನೋಡುತ್ತದೆ. ಐಗುಪ್ತದ ಚೊಚ್ಚಲು ಮಕ್ಕಳ ಸಾವು, ಬೇತ್ಲೆಹೇಮಿನ ಶಿಶುಗಳ ಕೊಲೆ ಕೂಡ ಹಾಗೆಯೇ. ಚಿಕ್ಕವರಿಗೆ ಹೇಳಲು ಮಕ್ಕಳೇ ಇರುವ ಕಥೆಗಳು ಬೇಕಾದಷ್ಟಿವೆ: ಏಲಿಯ ಬಳಿಗೆ ಮೂರು ಸಲ ಓಡಿದ ಸಮುವೇಲ, ನಾಮಾನನ ಮನೆಯ ಪುಟ್ಟ ಹುಡುಗಿ, ಐದು ರೊಟ್ಟಿ ಎರಡು ಮೀನು ತಂದ ಹುಡುಗ, ಪೌಲನನ್ನು ಕೊಲ್ಲುವ ಸಂಚನ್ನು ಬಯಲು ಮಾಡಿದ ಅವನ ಸೋದರಳಿಯ (ಅಪೊಸ್ತಲರ ಕೃತ್ಯಗಳು 23:16).

"ಯೇಸುವನ್ನು ಅಂಗೀಕರಿಸೋರು ಕೈ ಎತ್ತಿ" ಅಂದ್ರೆ ಎಲ್ಲರೂ ಎತ್ತುತ್ತಾರೆ. ಲೆಕ್ಕಕ್ಕೆ ತಗೋಬಹುದಾ?

ಪಕ್ಕದವನು ಎತ್ತಿದ, ಟೀಚರ್‌ಗೆ ಖುಷಿಯಾಗುತ್ತೆ, ಎತ್ತದಿದ್ದರೆ ಕೆಟ್ಟವನಾಗುತ್ತೇನೆ: ಎತ್ತಲು ಕಾರಣ ಬಹಳ. ಮುಂದಿನ ವಾರ ಅದೇ ಮಕ್ಕಳು ಮತ್ತೆ ಎತ್ತುತ್ತಾರೆ. ನರಕದ ಭಯ ಹುಟ್ಟಿಸಿ ಎತ್ತಿಸುವುದಂತೂ ಬೇಡ. "ಇದರ ಬಗ್ಗೆ ಮಾತಾಡಬೇಕು ಅನ್ನಿಸಿದವರು ತರಗತಿ ಮುಗಿದ ಮೇಲೆ ನನ್ನ ಬಳಿ ಬನ್ನಿ" ಎನ್ನಿ. ಬಂದ ಮಗುವಿನ ಜೊತೆ ಎಲ್ಲರ ಕಣ್ಣಿಗೆ ಕಾಣುವ ಜಾಗದಲ್ಲಿ ಕೂತು, ಹೌದು ಅಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ, ಆ ದಿನವೇ ಮನೆಯವರಿಗೆ ತಿಳಿಸಿ. ದೀಕ್ಷಾಸ್ನಾನ, ಕರ್ತನ ಭೋಜನದ ವಯಸ್ಸು ಸಭೆಯಿಂದ ಸಭೆಗೆ ಬೇರೆ, ಟೀಚರ್ ತಾನಾಗಿ ಮಾತು ಕೊಡಬಾರದು.

ಆಟಿಸಂ ಇರೋ ಮಗುವನ್ನ ತರಗತಿಗೆ ಸೇರಿಸಿಕೊಳ್ಳೋದು ಹೇಗೆ?

ಮೊದಲು ತಂದೆತಾಯಿಯ ಜೊತೆ ಅರ್ಧ ಗಂಟೆ ಕೂತು ಕೇಳಿ: ಯಾವ ಸದ್ದು ಆಗುವುದಿಲ್ಲ, ಏನಿದ್ದರೆ ಸಮಾಧಾನ, ಕೋಪ ಬರುವ ಮೊದಲು ಯಾವ ಸೂಚನೆ. ತರಗತಿಯ ಆರು ಹಂತಗಳನ್ನು ಚಿತ್ರಗಳಾಗಿ ಗೋಡೆಗೆ ಅಂಟಿಸಿ, ಮುಗಿದದ್ದನ್ನು ತೆಗೆಯುತ್ತ ಹೋಗಿ. ಚಟುವಟಿಕೆ ಬದಲಾಗುವ ಎರಡು ನಿಮಿಷ ಮುಂಚೆ ತಿಳಿಸಿ. ಮೈಕ್, ಸ್ಪೀಕರ್ ತಗ್ಗಿಸಿ. ಒಂದು ಮೂಲೆಯಲ್ಲಿ ಚಾಪೆ, ದಿಂಬು ಇರಲಿ, ಯಾವ ಮಗು ಬೇಕಾದರೂ ಅಲ್ಲಿಗೆ ಹೋಗಬಹುದು, ಅದು ಶಿಕ್ಷೆಯ ಜಾಗವಾಗಬಾರದು. ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಮುಗಿ ಎಂದು ಒತ್ತಾಯಿಸಬೇಡಿ. ನೆಲ ನೋಡುತ್ತಿರುವ ಮಗು ಕಥೆಯನ್ನು ಪೂರ್ತಿ ಕೇಳುತ್ತಿರಬಹುದು. ಚಿತ್ರಗಳ ಪಟ್ಟಿ ಉಳಿದ ಮಕ್ಕಳಿಗೂ ಅನುಕೂಲವೇ.

ಬೇರೆ ಧರ್ಮದ ಮನೆಯ ಮಗು ಗೆಳೆಯನ ಜೊತೆ ಬಂದ್ರೆ?

ಪ್ರೀತಿಯಿಂದ ಕೂರಿಸಿಕೊಳ್ಳಿ, ಅಂದೇ ಮನೆಯವರನ್ನು ಸಂಪರ್ಕಿಸಿ. ಇಲ್ಲಿ ಏನು ಕಲಿಸುತ್ತೇವೆಂದು ಮುಚ್ಚುಮರೆಯಿಲ್ಲದೆ ಹೇಳಿ, ಬರಹದಲ್ಲಿ ಒಪ್ಪಿಗೆ ಬಂದರೆ ಮಾತ್ರ ಮುಂದಿನ ವಾರ ಬರಲಿ. ಅವರು ಬೇಡವೆಂದರೆ ಬೇಡ. ಉಡುಗೊರೆಯ ಆಸೆ ತೋರಿಸಿ ಕರೆಸುವುದು, ಮನೆಯವರ ನಂಬಿಕೆಯನ್ನು ಮಗುವಿನ ಮುಂದೆ ಹೀಗಳೆಯುವುದು ಎರಡೂ ತಪ್ಪು.

ಎಲ್ಲರೂ ಗೊತ್ತಿರೋರೇ. ಇಬ್ಬರು ಇರಬೇಕು, ಚೀಟಿ ತೋರಿಸಬೇಕು ಅನ್ನೋ ನಿಯಮ ಯಾಕೆ?

ಮಕ್ಕಳಿಗೆ ಕೇಡು ಮಾಡುವವರು ಬಹುತೇಕ ಗೊತ್ತಿರುವವರೇ ಆಗಿರುತ್ತಾರೆ. ನಿಯಮ ಎಲ್ಲರಿಗೂ ಒಂದೇ ಆದಾಗ ಯಾರ ಮೇಲೂ ಬೊಟ್ಟು ಮಾಡುವ ಪ್ರಸಂಗ ಬರುವುದಿಲ್ಲ. ಕನಿಷ್ಠ ಇಷ್ಟಿರಲಿ: ಕೋಣೆಯಲ್ಲಿ ಒಂದೇ ಮನೆಯವರಲ್ಲದ ಇಬ್ಬರು ದೊಡ್ಡವರು. ಬಾಗಿಲಲ್ಲಿ ಗಾಜಿರಲಿ, ಇಲ್ಲವಾದರೆ ಬಾಗಿಲು ತೆರೆದಿರಲಿ. ಬಂದ ಮತ್ತು ಹೋದ ಸಮಯ ಬರೆಯುವ ಪುಸ್ತಕ, ಮಗುವಿಗೊಂದು ಮನೆಯವರಿಗೊಂದು ಒಂದೇ ಸಂಖ್ಯೆಯ ಚೀಟಿ. ಶೌಚಾಲಯಕ್ಕೆ ಒಂದು ಮಗುವಿನ ಜೊತೆ ಒಬ್ಬರೇ ಒಳಗೆ ಹೋಗಬಾರದು. ಟೀಚರ್ ಮಗುವಿಗೆ ಖಾಸಗಿಯಾಗಿ ಸಂದೇಶ ಕಳಿಸಬಾರದು, ಮನೆಯವರೂ ಇರುವ ಗುಂಪಿನಲ್ಲಿ ಕಳಿಸಲಿ. ಅಲರ್ಜಿಯ ಪಟ್ಟಿ ಗೋಡೆಯ ಮೇಲಿರಲಿ. ಫೋಟೋ ಹಾಕುವ ಮೊದಲು ಬರಹದಲ್ಲಿ ಒಪ್ಪಿಗೆ. ಹೊಸಬರು ಕನಿಷ್ಠ ಆರು ತಿಂಗಳು ಸಭೆಯಲ್ಲಿದ್ದು, ಹಿಂದಿನ ಸಭೆಯಿಂದ ವಿಚಾರಿಸಿಕೊಂಡ ಮೇಲೆ ತರಗತಿಗೆ.

ತನಗೆ ಯಾರೋ ಕೆಟ್ಟದಾಗಿ ಮಾಡಿದ್ರು ಅಂತ ಮಗು ಹೇಳಿದ್ರೆ ಏನು ಮಾಡಬೇಕು?

ಮುಖದಲ್ಲಿ ಗಾಬರಿ ತೋರಿಸದೆ ಕೇಳಿಸಿಕೊಳ್ಳಿ. "ನೀನು ಹೇಳಿದ್ದು ಒಳ್ಳೆಯದಾಯ್ತು, ಇದು ನಿನ್ನ ತಪ್ಪಲ್ಲ" ಎನ್ನಿ. ಯಾರಿಗೂ ಹೇಳಲ್ಲ ಎಂದು ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಸಾಧ್ಯವಿಲ್ಲ. ವಿವರ ಕೆದಕಬೇಡಿ, "ಅವರು ಹೀಗೆ ಮಾಡಿದ್ರಾ?" ಎಂದು ಬಾಯಿಗೆ ಮಾತು ಇಡಬೇಡಿ; ಮುಂದಿನ ವಿಚಾರಣೆ ಅದರಿಂದಲೇ ಕೆಡುತ್ತದೆ. ಮಗು ಬಳಸಿದ ಮಾತುಗಳನ್ನೇ, ದಿನಾಂಕ ಸಮಯದ ಸಮೇತ, ಒಂದು ಗಂಟೆಯೊಳಗೆ ಬರೆದಿಡಿ. ಆರೋಪಿತರಿಗೆ ಸುಳಿವು ಕೊಡಬೇಡಿ. ಕಾನೂನು ಹೇಳುವ ಅಧಿಕಾರಿಗಳಿಗೆ ಅಂದೇ ವರದಿ ಹೋಗಬೇಕು. ಸಭೆಯ ಹಿರಿಯರು ಕೂತು ಮೊದಲು ತನಿಖೆ ಮಾಡಿ ಆಮೇಲೆ ನೋಡೋಣ ಎನ್ನುವುದು, ಸಭೆಯ ಮಾನ ಹೋಗುತ್ತದೆಂದು ಕ್ಷಮಿಸುವಂತೆ ಮಗುವನ್ನು ಒಪ್ಪಿಸುವುದು ಎರಡನೆಯ ಅನ್ಯಾಯ.

13 ದಾಟಿದ್ಮೇಲೆ ಮಕ್ಕಳು ಸಂಡೇ ಸ್ಕೂಲಿಗೆ ಬರೋದೇ ಇಲ್ಲ.

ಆ ವಯಸ್ಸಿನವರಿಗೆ ನಾವು ಕೊಡುತ್ತಿರುವುದು ಹತ್ತು ವರ್ಷದವರ ಪಾಠವನ್ನೇ. ಅವರಿಗೆ ಬೇಕಾದದ್ದು ಅನುಮಾನಗಳನ್ನು ಹೇಳಿಕೊಳ್ಳುವ ಜಾಗ ಮತ್ತು ನಿಜವಾದ ಜವಾಬ್ದಾರಿ. ಚೀಟಿಯಲ್ಲಿ ಹೆಸರಿಲ್ಲದೆ ಪ್ರಶ್ನೆ ಬರೆದು ಡಬ್ಬಿಗೆ ಹಾಕಲಿ, ವಾರಕ್ಕೆ ಎರಡನ್ನು ತೆಗೆದು ಚರ್ಚಿಸಿ. ಚಿಕ್ಕವರ ತರಗತಿಯಲ್ಲಿ ಬೊಂಬೆ, ಕೀಬೋರ್ಡ್, ಹಾಜರಿ ಅವರ ಕೈಗೆ ಬರಲಿ. ಅವರನ್ನು ಇಬ್ಬರು ದೊಡ್ಡವರ ಲೆಕ್ಕಕ್ಕೆ ಸೇರಿಸಬಾರದು, ಅವರೂ ಮಕ್ಕಳೇ. ತಿಂಗಳಲ್ಲಿ ಎರಡು ವಾರ ಸಹಾಯ, ಎರಡು ವಾರ ತಮ್ಮದೇ ತರಗತಿ. ನಾಲ್ಕೂ ವಾರ ದುಡಿಸಿಕೊಂಡರೆ ಅವರು ಕಲಿಯುವುದು ನಿಂತುಹೋಗುತ್ತದೆ.